ಶನಿವಾರ ಬರುವ ನೀರುನಾಯಿ

ಗುರುವಾರ, ಸಂಜೆ

ಪ್ರೀತಿಯ ಕನ್ನಡಕದಮ್ಮಾ,

…ಇಲ್ಲ, ಅದು ಸರಿ ಬರಲಿಲ್ಲ, ಅಳಿಸಿಬಿಟ್ಟೆ. ಎಷ್ಟನೇ ಸಲವೋ, ಮತ್ತೆ ಮೊದಲಿಂದ ಶುರು ಮಾಡ್ತಿದೀನಿ, ಬೈಕೋಬೇಡ. ಪತ್ರ ಬರೆಯೋಣ ಅಂತಲೇ ಕೂತಿದ್ದೆ, ಕೈ ಓಡಲಿಲ್ಲ. ಕೈ ಸೋತರೂ ನಿನ್ನ ಬಾಯಿ ಸೋಲಲ್ಲ ಅಂತ ನೀನೇ ಅಂತಿದ್ದೆಯಲ್ಲ, ಅದಕ್ಕೇ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಕಳಿಸ್ತಿದೀನಿ. ಪತ್ರ ಅಂತಲೇ ಕೇಳಿಸ್ಕೋ. ಬಾಲ್ಕನಿಯಲ್ಲಿ, ಒದ್ದೆ ಬಟ್ಟೆಗಳ ನಡುವೆ ನಿಂತಿದೀನಿ. ಒಳಗೆ ಮಗಳಿದಾಳೆ, ಅವಳಿಗೆ ಕೇಳಿಸಬಾರದು.

ಕನ್ನಡಕದಮ್ಮ ಅಂತ ಇನ್ನೂ ಕರೀಬಹುದೋ ಇಲ್ಲವೋ ಗೊತ್ತಿಲ್ಲ. ಇಡೀ ದಿನ ಊರವರ ಕಣ್ಣು ಪರೀಕ್ಷೆ ಮಾಡಿ, ಮನೆಗೆ ಬಂದು ತನ್ನ ಕನ್ನಡಕ ಎಲ್ಲಿ ಅಂತ ಹುಡುಕೋಳಿಗೆ ಬೇರೆ ಹೆಸರು ಹೊಳೆಯಲ್ಲ.

ಹೋದ ವಾರ ಒಂದು ಶಾಲೆಗೆ ಕರೆದಿದ್ದರು. ಅಲ್ಲಿನ ಮೇಡಂ ಮಾಮೂಲಿ ಪ್ರಶ್ನೆ ಕೇಳಿದ್ರು, ಈ ನೀರುನಾಯಿ ಸಂಸಾರದ ಕಥೆಗಳಿಗೆ ನಿಮಗೆ ಸ್ಫೂರ್ತಿ ಎಲ್ಲಿಂದ ಅಂತ. ನಾನೂ ಮಾಮೂಲಿ ಉತ್ತರ ಕೊಟ್ಟೆ, ಹೊಳೆ ದಂಡೆಯಲ್ಲಿ ಕೂತು ನೋಡ್ತಿದ್ದೆ ಅಂತ. ನಿನಗೆ ಗೊತ್ತಲ್ಲ, ನಾನು ನೀರುನಾಯಿ ನೋಡಿರೋದು ಒಂದೇ ಸಲ, ಅದೂ ಮೃಗಾಲಯದಲ್ಲಿ, ಅದೂ ಮಲಗಿತ್ತು.

ಸ್ಫೂರ್ತಿ ಅಂದ್ರೆ ನಮ್ಮ ಪುಕ್ಕಲುತನ, ಅಷ್ಟೇ. ನಿಮ್ಮಪ್ಪ ತೀರಿಕೊಂಡಾಗ ಪುಟ್ಟಿಗೆ ನಾಲ್ಕು ವರ್ಷ. ತಾತ ಎಲ್ಲಿ, ತಾತ ಎಲ್ಲಿ ಅಂತ ಮನೆಯೆಲ್ಲ ಸುತ್ತುತಿದ್ದಳು. ನೀನು ಅಡುಗೆಮನೆಯಲ್ಲಿ ಮುಖ ತಿರುಗಿಸಿ ನಿಂತಿದ್ದೆ. ನಾನು ಅವಳನ್ನ ತೊಡೆ ಮೇಲೆ ಕೂರಿಸಿಕೊಂಡು, ತಾತ ನೀರುನಾಯಿ ಹೊಳೆಯ ತಿರುವು ದಾಟಿ ಈಜಿ ಹೋದ ಕಥೆ ಕಟ್ಟಿದೆ. ಅವಳು ಕೊನೆತನಕ ಕೇಳಿದಳು. ಹಾಗಾದ್ರೆ ತಾತ ವಾಪಸ್ ಬರಲ್ಲ ಅಂದಳು, ಹೋಗಿ ಊಟ ಮಾಡಿದಳು. ನಾವಿಬ್ಬರೂ ಉಸಿರು ಬಿಟ್ಟೆವು. ಆಮೇಲೆ ಅದೇ ಚಾಳಿ ಆಯ್ತು. ಟಾನ್ಸಿಲ್ ಆಪರೇಷನ್ನಿಗೆ ಒಂದು ನೀರುನಾಯಿ, ಮನೆ ಬದಲಾಯಿಸೋಕೆ ಒಂದು ನೀರುನಾಯಿ. ಬೇರೆ ಮನೆಗಳಲ್ಲಿ ಅಪ್ಪ ಅಮ್ಮ ಬಾಯಿ ಬಿಟ್ಟು ಹೇಳ್ತಾರೆ, ನಮ್ಮ ಮನೆಯಲ್ಲಿ ಪುಸ್ತಕ ಬರ್ತಿತ್ತು.

ನೀನು ಹೋದಾಗಲೂ ಅದನ್ನೇ ಮಾಡಿದೆ. ಅಮ್ಮ ನೀರುನಾಯಿ ದೂರದ ಅಣೆಕಟ್ಟಿಗೆ ಕೆಲಸಕ್ಕೆ ಹೋಯ್ತು ಅಂತ ಬರೆದೆ. ನೀನು ಓದಿ ಫೋನ್ ಮಾಡಿದ್ದೆ. ಕಥೆ ಚೆನ್ನಾಗಿದೆ, ಆದರೆ ನಾನು ಹೋಗಿದ್ದು ಕೆಲಸಕ್ಕಲ್ಲವಲ್ಲ ಅಂದೆ. ಮಗೂಗೆ ಅಷ್ಟು ಸಾಕು ಅಂತ ನಾನು ವಾದ ಮಾಡಿದೆ. ವಾದದಲ್ಲಿ ಗೆದ್ದೆ ಕೂಡ. ಗೆದ್ದು ಏನು ಸುಖ ಬಂತು ಹೇಳು.

ಈಗ ಆಗಿರೋದು ಕೇಳು. ಹೊಸ ಪುಸ್ತಕದ ಕೊನೆಯಲ್ಲಿ ಹೊಳೆ ಇಳಿದ ಮೇಲೆ, ಒಂದು ಶನಿವಾರ ಸಂಜೆ, ಅಮ್ಮ ನೀರುನಾಯಿ ವಾಪಸ್ ಬರತ್ತೆ. ಪ್ರಕಾಶಕಿ ಮೇಡಂ ಕೇಳಿದ್ರು, ಓದೋ ಮಕ್ಕಳಿಗೆ ಸಮಾಧಾನ ಬೇಕು ಅಂತ. ಸರಿ ಅಂತ ಬರೆದುಕೊಟ್ಟೆ. ಹೊಟ್ಟೆಪಾಡಿನ ಕೆಲಸ, ಅದರಲ್ಲೇನು. ಆ ಹಾಳೆಗಳು ಮೇಜಿನ ಮೇಲಿದ್ದವು, ನಾನು ಸ್ನಾನಕ್ಕೆ ಹೋಗಿದ್ದೆ. ಬರೋ ಅಷ್ಟರಲ್ಲಿ ಇವಳು ಓದಿ ಮುಗಿಸಿದ್ದಳು. ಏನೂ ಕೇಳಲಿಲ್ಲ. ಕೇಳೋದೇನಿದೆ, ಅವಳ ಲೆಕ್ಕದಲ್ಲಿ ಸುದ್ದಿ ಬಂದಾಯ್ತು.

ಮಾರನೇ ದಿನ ನೋಡ್ತೀನಿ, ನಿನ್ನ ಕಪಾಟಿನಲ್ಲಿ ತುಂಬಿದ್ದ ನನ್ನ ಹಳೇ ಕಾಗದಗಳೆಲ್ಲ ನೆಲದ ಮೇಲಿವೆ. ಇವಳು ಗೂಡು ಒರೆಸ್ತಿದಾಳೆ. ಇವತ್ತು ನಿನ್ನ ದಿಂಬಿನ ಚೀಲ ತಾನೇ ಒಗೆದು ಇಲ್ಲಿ ಹರವಿದಾಳೆ, ಅರ್ಧ ಸೋಪು ಇನ್ನೂ ಅದರಲ್ಲೇ ಇದೆ, ಈಗ ನನ್ನ ಹೆಗಲಿಗೆ ತಾಗ್ತಿದೆ. ನಿನ್ನೆ ಅವಳ ಕ್ಲಾಸ್ ಟೀಚರ್ ಫೋನ್ ಮಾಡಿ, ಶನಿವಾರ ನಿಮ್ಮ ಮನೆಯವರು ಬಂದುಬಿಡ್ತಾರಂತೆ, ತುಂಬಾ ಸಂತೋಷ ಸಾರ್ ಅಂದ್ರು. ನಾನು ಥ್ಯಾಂಕ್ಸ್ ಅಂದೆ. ಇನ್ನೇನು ಹೇಳಲಿ.

ರಾತ್ರಿ ತಲೆ ಬಾಚುವಾಗ ಧೈರ್ಯ ಮಾಡಿದೆ. ಪುಟ್ಟಿ, ಅದು ಬರೀ ಕಥೆ ಕಣಮ್ಮ ಅಂದೆ. ಅವಳು ಕನ್ನಡಿಯಲ್ಲೇ ನನ್ನ ಮುಖ ನೋಡಿದಳು.

"ಹಾಗಾದ್ರೆ ತಾತಂದೂ ಬರೀ ಕಥೆನಾ ಅಪ್ಪಾ?"

ಅಲ್ಲ ಅಂದೆ. ಬೇರೆ ಏನನ್ನಾದರೂ ಅನ್ನೋಕೆ ಆಗತ್ತಾ?

"ಮತ್ತೆ?" ಅಂದಳು. "ಸುಮ್ನೆ ಹೆದರಿಸ್ಬೇಡ." ಬಾಚಣಿಗೆ ಕಿತ್ಕೊಂಡು ತಾನೇ ಬಾಚ್ಕೊಂಡಳು.

ನನಗೆ ಸಾಕಾಗಿದೆ ಕಣೇ. ಕೋಪ ಇಲ್ಲ, ಬರೀ ಸುಸ್ತು. ಐದು ವರ್ಷ ಆ ನೀರುನಾಯಿಗಳ ಬೆನ್ನ ಹಿಂದೆ ಅವಿತುಕೊಂಡೆ. ಈಗ ಅವಳು ಅವುಗಳನ್ನ ನಂಬ್ತಾಳೆ, ನನ್ನ ನಂಬಲ್ಲ.

ಶನಿವಾರ ಬಾ ಅಂತ ಕೇಳೋಕೆ ಇದನ್ನ ಕಳಿಸ್ತಿಲ್ಲ. ಕೇಳಬಾರದು ಅಂತಲೇ ಅಷ್ಟು ಸಲ ಅಳಿಸಿದ್ದು. ಅವಳ ಮೇಲಿನ ಮರುಕಕ್ಕೆ ಬಂದು, ಭಾನುವಾರ ಬ್ಯಾಗ್ ಹಿಡ್ಕೊಂಡು ನೀನು ಹೊರಟರೆ, ಅದಕ್ಕೆ ನಾನು ಯಾವ ಪ್ರಾಣಿ ತರಲಿ? ಇವತ್ತು ಊಟ ಆದ ಮೇಲೆ ನಾನೇ ಹೇಳ್ತೀನಿ. ನೀರು ಬೇಡ, ನಾಯಿ ಬೇಡ. ಅಪ್ಪನೂ ಅಮ್ಮನೂ ಒಂದೇ ಮನೆಯಲ್ಲಿ ಇರೋಕೆ ಆಗಲಿಲ್ಲ, ಅಮ್ಮ ಇಲ್ಲಿಗೆ ವಾಪಸ್ ಬರಲ್ಲ, ನಿನಗೆ ಅಮ್ಮನಾಗಿ ಮಾತ್ರ ಯಾವತ್ತೂ ಇರ್ತಾಳೆ, ಅಂತ. ನೋಡು, ಮೂರು ಮಾತು. ಇಷ್ಟಕ್ಕೆ ನಾನು ಚಿತ್ರ ಸಮೇತ ಪುಸ್ತಕ ಮಾಡ್ತಿದ್ದೆ.

ಅವಳು ನಂಬಲ್ಲ. ಸೀದಾ ನಿನಗೆ ಫೋನ್ ಮಾಡ್ತಾಳೆ. ಕನ್ನಡಕದ ಅಂಗಡಿಯಲ್ಲಿ ಎಷ್ಟೇ ಜನ ಕೂತಿರಲಿ, ಅದೊಂದು ಫೋನ್ ಎತ್ಕೋ. ಅಪ್ಪ ಹೇಳಿದ್ದು ನಿಜಾನಾ ಅಂತ ಕೇಳಿದರೆ, ಹೌದು ಅನ್ನು. ಕೆಲಸ ಜಾಸ್ತಿ, ರಜಾ ಇಲ್ಲ, ಹಾಗೇನೂ ಹೇಳಬೇಡ. ಅತ್ತರೆ ಅಳಲಿ, ಫೋನ್ ಇಡಬೇಡ. ಇಲ್ಲಿ ಪಕ್ಕದಲ್ಲಿ ನಾನಿರ್ತೀನಿ.

ನಿದ್ದೆ ಸರಿಯಾಗಿ ಮಾಡು. ಈಗ ನೀನಿರೋ ಆ ರೂಮಿನಲ್ಲಿ ಗಾಳಿ ಆಡತ್ತೆ ತಾನೇ?

ಇಷ್ಟೆಲ್ಲ ಒದರಿದ,
ನಿನ್ನ ವಟಗುಟ್ಟೋ ಕಪ್ಪೆ

ತಾ.ಕ.: ಇನ್ನೊಂದು. ಕಳಿಸಿದ ಮೇಲೆ ಮನಸ್ಸು ತಡೀಲಿಲ್ಲ. ಪ್ರಕಾಶಕಿ ಮೇಡಂ ಏನೂ ಕೇಳಿರಲಿಲ್ಲ. ಆ ಕೊನೆ ನಾನೇ ಬರೆದದ್ದು, ಒಂದೇ ಸಲ ಕೂತು, ಒಂದು ಗೀಟೂ ಹೊಡೀದೆ. ಮೇಡಂ ಇವತ್ತು ಆ ಹಾಳೆಗಳನ್ನ ವಾಪಸ್ ಕಳಿಸಿದಾರೆ. ಮಿಕ್ಕಿದ್ದೆಲ್ಲ ಚೆನ್ನಾಗಿದೆ ಸಾರ್, ಅಮ್ಮ ವಾಪಸ್ ಬರೋದು ಮಾತ್ರ ಯಾಕೋ ನಂಬೋ ಹಾಗಿಲ್ಲ ಅಂದ್ರು. ಪುಟ್ಟಿ ಒಬ್ಬಳೇ ಅಲ್ಲ ಕಣೇ, ಆ ಕಥೇನ ನಂಬಿದ್ದು… ಹಾಂ, ಬಂದೆ ಪುಟ್ಟಿ… ತಟ್ಟೆ ಹಾಕಿದಾಳಂತೆ, ಕರೀತಿದಾಳೆ. ಇಡ್ತೀನಿ.