ಮೊಗ್ಗಿಗೆ ಬಂದ ಅಪ್ಸೆಣಬು

ಮೀರಾ,

ಹಸಿರು ಗೊಬ್ಬರಕ್ಕೆಂದು ನೀನು ಮನೆಯಂಗಳದಲ್ಲಿ ಬಿತ್ತಿದ್ದ ಅಪ್ಸೆಣಬನ್ನು ಇವತ್ತು ಬೆಳಿಗ್ಗೆ ಕಡಿದು ಮಣ್ಣಿಗೆ ಸೇರಿಸಿದೆ. ಹೊಳೆಹೊನ್ನೂರಿನಿಂದ ನಿನ್ನ ಅಣ್ಣ ತಂದ ಬೀಜ ಸೊಂಟದೆತ್ತರ ಬೆಳೆದಿತ್ತು. ನಿನ್ನ ವೈಕುಂಠ ಸಮಾರಾಧನೆಗೆ ಬಂದವರು ಕಳೆಯೆಂದುಕೊಂಡು ಕೀಳಿಸಲು ಹೇಳಿದ್ದರು. ನಾನು ಮುಟ್ಟಲು ಬಿಡಲಿಲ್ಲ.

ನಮ್ಮ ಈ ಗೋಪಾಳ ಬಡಾವಣೆಯಲ್ಲಿ ಗದ್ದೆಗಳಿದ್ದ ಕಾಲವನ್ನು ನೋಡಿದವನು ನಾನು. ಆ ಮಣ್ಣಿನ ಮೇಲೆ ಇಟ್ಟಿಗೆ ಚೂರು, ಒಡೆದ ಗಾರೆ ಸುರಿದು ಸೈಟೆಂದು ಮಾರಿದರು. ಎದುರಿನ ಪಾರ್ಕಿನಲ್ಲಿ ಇವತ್ತೂ ತರಗೆಲೆ ಸುಡುತ್ತಿದ್ದರು. ಗೊಬ್ಬರಕ್ಕೆ ಬೆಂಕಿಯಿಟ್ಟು, ಗಿಡ ನೆಡುವ ಸಮಾರಂಭಕ್ಕೆ ಶಾಮಿಯಾನ ಹಾಕಿಸುವ ಊರು ನಮ್ಮದು. ಅವರೊಡನೆ ಜಗಳವಾಡಿ ಬಂದು ಕತ್ತಿ ಹಿಡಿದೆ.

ಪಕ್ಕದ ಮನೆಯ ಸುಭದ್ರಮ್ಮ ಕಾಂಪೌಂಡಿನಿಂದ ಇಣುಕಿದರು.

"ಅಯ್ಯೋ ಮಾರಾಯ್ರೆ, ಇನ್ನೇನು ಹೂ ಬಿಡ್ತಿತ್ತಲ್ಲ! ಈಗ ಕಡಿತೀರಾ?"

"ಹೂ ಬಿಟ್ರೆ ಕಾಂಡ ನಾರಾಗುತ್ತೆ ಸುಭದ್ರಮ್ಮ. ಬೇಗ ಕೊಳೆಯಲ್ಲ."

"ಕೊಳೀದಿದ್ರೆ ಏನ್ ಮುಳುಗಿಹೋಗುತ್ತೆ? ಮೀರಮ್ಮ ಬಿತ್ತಿದ್ದು ಕಣ್ರೀ. ಇನ್ನೊಂದು ವಾರ ನೋಡ್ಕೊಂಡಿರಿ."

ಕತ್ತಿಯನ್ನು ಕೆಳಗಿಟ್ಟು ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತೆ. ಆದರೆ ತುದಿಗಳಲ್ಲಿ ಹಳದಿ ಮೊಗ್ಗು ಕಾಣಿಸಿಯಾಗಿತ್ತು. ಮೊಗ್ಗು ಕಂಡ ಕೂಡಲೇ ಕಡಿಯಬೇಕು, ಮರೀಬೇಡಿ ಎಂದು ಆಸ್ಪತ್ರೆಯ ಮಂಚದ ಮೇಲಿಂದಲೂ ಹೇಳಿದವಳು ನೀನು. ಎದ್ದು ಕಡಿದೆ. ಒಂದು ಗಿಡವನ್ನೂ ಉಳಿಸಿಕೊಳ್ಳಲಿಲ್ಲ.

ಈಗ ಕಿಟಕಿಯಿಂದ ನೋಡಿದರೆ ಬರೀ ಮಣ್ಣು. ಎಲ್ಲ ಕೊಳೆತು ಹದವಾಗಲು ಕೆಲವು ವಾರ ಬೇಕು, ಆಮೇಲೆ ನೆಡಬಹುದು.

ಅಲ್ಲಿ ನೀನು ಏನು ನೆಡಬೇಕೆಂದುಕೊಂಡಿದ್ದೆ, ಮೀರಾ?