ಎರಡನೆಯ ಸಹಿ

ಸಟನ್
ಭಾನುವಾರ, ಅಕ್ಟೋಬರ್ 12, 2025

ಪ್ರೀತಿಯ ಸ್ಮೃತಿ,

ಒಂದೇ ಫ್ಲ್ಯಾಟಿನಲ್ಲಿ ಇರುವವಳು ಅಂಚೆಯಲ್ಲಿ ಕಾಗದ ಹಾಕುತ್ತಾಳೆ ಎಂದು ನಗಬೇಡ. ನೀನು ರಜೆ ಹಾಕಿ ಊರಿನ ಆ ತುದಿಗೆ, ಸ್ಟ್ಯಾನ್ಮೋರ್‌ನ ನಿನ್ನ ಅಪ್ಪ ಅಮ್ಮನ ಮನೆಗೆ ಹೋಗಿ ಆರು ದಿನವಾಯಿತು. ಫೋನಿನಲ್ಲೇ ಹೇಳೋಣವೆಂದು ಎರಡು ಸಲ ಶುರುಮಾಡಿ, ಎರಡು ಸಲವೂ ಬಂಗುಡೆ ಮೀನಿನ ಸಾರಿನ ಸುದ್ದಿ ಹೇಳಿ ಇಟ್ಟುಬಿಟ್ಟೆ. ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಬೇರೆಯವರಿಗೆ ತಿಳಿಯಬಾರದ್ದನ್ನೆಲ್ಲ ಹಾಳಾದ ಲೇಬಲ್‌ಗಳ ಹಿಂದೆ ಕನ್ನಡದಲ್ಲಿ ಗೀಚಿ ದಾಟಿಸುತ್ತಿದ್ದವರು ನಾವು. ಇದನ್ನೂ ಹಾಗೇ ದಾಟಿಸುತ್ತಿದ್ದೇನೆ.

ನಿನ್ನ ಅಪ್ಪ ಹೇಗಿದ್ದಾರೆ? ಸ್ಟ್ರೋಕ್ ಆದ ಮೇಲೆ ಮೊದಲ ಸಲ ಎಡಗೈ ಎತ್ತಿದರು ಎಂದಿದ್ದೆ. ನಿನ್ನ ಅಮ್ಮ, ಶೋಭಾ ಆಂಟಿ, ಮೊನ್ನೆ ನನಗೆ ಫೋನ್ ಮಾಡಿದ್ದರು. ನಿನಗೆ ಹೇಳಬೇಡ ಎಂದರು, ಹೇಳುತ್ತಿದ್ದೇನೆ. ಅಪ್ಪನ ಸ್ನೇಹಿತರು ಸತ್ಯಪ್ರಕಾಶ ಅಂಕಲ್ ತಮ್ಮ ಔಷಧಿ ಅಂಗಡಿಗೆ ನಿನ್ನನ್ನು ಮತ್ತೆ ಕೇಳಿದ್ದಾರಂತೆ. ನಿಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಶುಕ್ರವಾರದೊಳಗೆ ನೀನು ಹೂಂ ಅನ್ನದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ. ನೀನು ಮಾತ್ರ, ಇನ್ನೂ ಎಂಟು ವರ್ಷ ಆಸ್ಪತ್ರೆ ಬಿಡಕ್ಕಾಗಲ್ಲಮ್ಮ, ಬಿಟ್ರೆ ಓದಿನ ಲೋನ್ ಮಾಫಿ ಆಗಲ್ಲ ಅಂತ ಪಟ್ಟು ಹಿಡಿದಿದ್ದೀಯಂತೆ. ಆಂಟಿ ಅಳಲಿಲ್ಲ. ಅವರನ್ನು ಟಾಯ್ಲೆಟ್ಟಿಗೆ ಎಬ್ಬಿಸಕ್ಕೆ ಒಬ್ಬಳ ಕೈಲಿ ಆಗಲ್ಲ ಕಣಮ್ಮ ಅಂದರು, ಅಷ್ಟೆ.

ಆ ಎಂಟು ವರ್ಷವನ್ನು ನಿನ್ನ ತಲೆಗೆ ಕಟ್ಟಿದವಳು ನಾನು. ಸ್ಮೃತಿ, ಅದು ಸುಳ್ಳು. ಅಂಥ ಮಾಫಿ ನಮಗಿಲ್ಲ.

ಎರಡು ವರ್ಷದ ಹಿಂದೆ ಫಾರ್ಮಸಿಸ್ಟ್ ಎಂದು ನಮ್ಮ ಹೆಸರು ನೋಂದಣಿಯಾದ ವಾರ ನೀನು ಆಸ್ಪತ್ರೆಯೋ ಅಂಗಡಿಯೋ ಎಂದು ತೂಗಾಡುತ್ತಿದ್ದೆ. ನ್ಯೂಜೆರ್ಸಿಯ ನನ್ನ ಅಣ್ಣ ಸ್ಟೀವನ್ ಹೇಳಿದ್ದನ್ನು ನಾನು ಪಂಡಿತೆಯ ಹಾಗೆ ಒಪ್ಪಿಸಿದೆ: ಸರಕಾರಿ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿ, ಕಂತು ಕಟ್ಟು, ಉಳಿದ ಸಾಲ ಮನ್ನಾ. ಅವನೂ ಫಾರ್ಮಸಿಸ್ಟ್, ಅವನಿಗೆ ಅದು ನಿಜವೇ. ಅದು ಅವನ ದೇಶದ ಕಾನೂನು. ಇಲ್ಲಿ ನಮ್ಮ ಸಾಲ ಎಲ್ಲಿ ದುಡಿದರೂ ಸಂಬಳದಿಂದ ಒಂದೇ ರೀತಿ ಕಡಿತವಾಗುತ್ತದೆ. ಮೂವತ್ತು ವರ್ಷವಾದ ಮೇಲೆ ಏನುಳಿದರೂ ತಾನಾಗಿ ಅಳಿಸಿಹೋಗುತ್ತದೆ, ಆಸ್ಪತ್ರೆಯಾಗಲಿ ಅಂಗಡಿಯಾಗಲಿ. ನೀನು ಆಸ್ಪತ್ರೆಯಲ್ಲಿ ಉಳಿಯುವುದರಿಂದ ಒಂದು ಪೌಂಡೂ ಕಡಿಮೆಯಾಗುವುದಿಲ್ಲ. ಕಳೆದ ವಾರ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಸುಮ್ಮನೆ ಹುಡುಕುತ್ತಿದ್ದಾಗ ಇದು ಕಣ್ಣಿಗೆ ಬಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದು ನಮ್ಮ ಕಸುಬಿಗೇ ಹೇಳಿದ ಮಾತು. ಔಷಧಿ ತುಂಬಿಸಿದವಳು ತನ್ನ ಕೆಲಸವನ್ನು ತಾನೇ ಪರೀಕ್ಷಿಸುವಂತಿಲ್ಲ. ಲೇಬಲ್ಲಿನ ಮೂಲೆಯಲ್ಲಿ ಎರಡು ಪುಟ್ಟ ಚೌಕ, ತುಂಬಿಸಿದವಳ ಸಹಿಗೊಂದು, ಪರೀಕ್ಷಿಸಿದವಳ ಸಹಿಗೊಂದು. ನನ್ನ ಒಂದು ಮಾತ್ರೆ ಹೆಚ್ಚಾದರೂ ಪೊಟ್ಟಣ ತಿರುಗಿಸಿ ಕಳಿಸುತ್ತಿದ್ದವಳು ನೀನು. ಹತ್ತು ವರ್ಷದ ಈ ಮಾತನ್ನು ಮಾತ್ರ ತಿರುಗಿಸಿ ನೋಡಲೇ ಇಲ್ಲ. ನಾನು ಹೇಳಿದೆ ಎಂದು ನಂಬಿದೆ ಮಾರಾಯ್ತಿ.

ಈ ವಾರ ನಿನ್ನ ಜಾಗದಲ್ಲಿ ಏಜೆನ್ಸಿಯಿಂದ ಒಬ್ಬರು ಬರುತ್ತಿದ್ದಾರೆ. ಒಳ್ಳೆಯವರು. ತಲೆ ಎತ್ತದೆ ಸಹಿ ಹಾಕುತ್ತಾರೆ, ಐದಕ್ಕೆ ಕೋಟು ಹಾಕಿಕೊಂಡು ಹೊರಡುತ್ತಾರೆ. ಶುಕ್ರವಾರ ಸಂಜೆ ಲಿಫ್ಟಿನಲ್ಲಿ ಮೇಲಿನ ಮನೆಯವರು ಹಲೋ ಎಂದರು, ನಾನೂ ಹಲೋ ಎಂದೆ. ಮಧ್ಯಾಹ್ನದಿಂದ ಯಾರೊಂದಿಗೂ ಮಾತಾಡಿರಲಿಲ್ಲ ಎಂದು ಆಗ ಗೊತ್ತಾಯಿತು. ನನ್ನ ಅಮ್ಮ ನರ್ಸ್ ಕೆಲಸದಿಂದ ನಿವೃತ್ತಳಾಗಿ ಉಡುಪಿಗೆ ಮರಳಿದ ಮೇಲೆ ಈ ಊರಿನಲ್ಲಿ ನನಗೆ ಮನೆ ಎಂದರೆ ನೀನೇ. ಇದನ್ನು ಹಿಂದೆ ಹೇಳಿದ್ದರೆ ನೀನು ತಮಾಷೆ ಮಾಡುತ್ತಿದ್ದೆ, ಅದಕ್ಕೆ ಹೇಳಿರಲಿಲ್ಲ.

ಶುಕ್ರವಾರದೊಳಗೆ ಹೂಂ ಅನ್ನು. ನಿನ್ನ ರೂಮಿಗೆ ಯಾರನ್ನಾದರೂ ಹುಡುಕುತ್ತೇನೆ, ಬಾಡಿಗೆಯ ಚಿಂತೆ ಮಾಡಬೇಡ. ನಿನ್ನ ಒಗ್ಗರಣೆ ಡಬ್ಬಿಯನ್ನು ಮಾತ್ರ ಬಿಟ್ಟುಹೋಗು.

ಕಾಗದದ ಕೆಳಮೂಲೆಯಲ್ಲಿ ಎರಡು ಚೌಕ ಎಳೆದಿದ್ದೇನೆ. ಮೊದಲನೆಯದರಲ್ಲಿ ನನ್ನ ಸಹಿ ಇದೆ. ಎರಡನೆಯದು ನಿನಗೆ ಬಿಟ್ಟದ್ದು.

ನಿನ್ನವಳೇ ಆದ
ವೆನಿಶಾ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ನೀನು ಓದುವ ಹಾಗೆ ಒಮ್ಮೆ ಓದಿದೆ. ಒಂದು ಕಡೆ ತಪ್ಪಿದೆ. ಮರೆತದ್ದಲ್ಲ, ಬೇಕೆಂದೇ ಬರೆದದ್ದು. ಮಾಫಿ ಇಲ್ಲವೆಂದು ನನಗೆ ತಿಳಿದದ್ದು ಕಳೆದ ವಾರವಲ್ಲ, ಹೋದ ವರ್ಷ ಫೆಬ್ರವರಿಯಲ್ಲಿ, ಸತ್ಯಪ್ರಕಾಶ ಅಂಕಲ್ ಮೊದಲ ಸಲ ನಿನ್ನನ್ನು ಅಂಗಡಿಗೆ ಕೇಳಿದ ದಿನ. ನೀನು ಪಕ್ಕದ ರೂಮಿನಲ್ಲಿ ಫೋನಿನಲ್ಲಿ ಅಪ್ಪನಿಗೆ ಆಗಲ್ಲ ಎನ್ನುತ್ತಿದ್ದೆ. ನಾನು ಅಡುಗೆಮನೆಯಲ್ಲಿ ನನ್ನ ಫೋನಿನಲ್ಲಿ ಸಾಲದ ನಿಯಮಗಳ ಪುಟವನ್ನು ಪೂರ್ತಿ ಓದಿ ಮುಗಿಸಿದ್ದೆ. ಅಪ್ಪ ಆಗ ಇನ್ನೂ ಕಾರು ಓಡಿಸುತ್ತಿದ್ದರು. ನೀನು ಹೊರಗೆ ಬಂದು, ನಾನೆಲ್ಲೂ ಹೋಗಲ್ಲ ಬಿಡು ಎಂದೆ. ನಾನು ಫೋನನ್ನು ಮಗುಚಿ ಹಾಕಿ ಇಬ್ಬರಿಗೆ ಅಕ್ಕಿ ತೊಳೆದೆ.