ಹಗೇವು ತೆರೆದ ದಿನ

ಅಬ್ಬಿಗೇರಿ
ಕಾಳಯುಕ್ತಿ ಸಂವತ್ಸರ, ಆಷಾಢ ಬಹುಳ ಪಂಚಮಿ

ಪ್ರೀತಿಯ ಮಗ ಈಶಪ್ಪಾ,

ಅವ್ವನ ಆಶೀರ್ವಾದ. ನಿನ್ನ ಕೆಮ್ಮು ಹೇಗಿದೆ? ಗಜೇಂದ್ರಗಡದ ಗುಡ್ಡದ ಗಾಳಿ ನಿನ್ನ ಎದೆಗೆ ಆಗಿಬರುವುದಿಲ್ಲ. ಅಳಲೆಕಾಯಿಯ ಚೂರು ಬಾಯಲ್ಲಿಟ್ಟುಕೋ. ಕೆಮ್ಮೇ ಇಲ್ಲವೆಂದು ಸುಳ್ಳು ಹೇಳಿ ಕಳಿಸಬೇಡ, ಹೆತ್ತವಳಿಗೆ ಗೊತ್ತಾಗುತ್ತದೆ. ನಾನು ಹೇಳಿದ್ದನ್ನು ಸಾಲಿಯ ಐಗಳು ತಮ್ಮ ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದಾರೆ. ಚಂದ ಅವರದು, ಸಿಟ್ಟು ನನ್ನದು.

ಸಿಟ್ಟು ಏಕೆಂದರೆ, ನೀನು ಹೇಳಿ ಕಳಿಸಿದ ಮಾತು ಬಂದು ಮುಟ್ಟಿತು. "ಅಮಾಸಿಗೆ ಬರತೀನಿ, ತಮ್ಮನ್ನ ಕೊಂದ ಮಲಿಕಸಾಬನ್ನ ಜೀವಂತ ಬಿಡೂದಿಲ್ಲ" ಎಂದೆಯಂತೆ. ತಮ್ಮ ಸತ್ತ ಸಂಕಟ ನಿನಗಿಲ್ಲವೆನ್ನುವುದಿಲ್ಲ. ಆದರೆ ನೀನು ದೂರ ಕೂತು ಗಾಳಿಸುದ್ದಿ ಕೇಳಿದವನು. ನಡೆದದ್ದನ್ನು ನನ್ನಿಂದ ಕೇಳು.

ಬಿಳಿಯರ ದಂಡಿಗೆ ನರಗುಂದ ಬಿದ್ದ ಮೇಲೆ ಅಲ್ಲಿಂದ ಓಡಿಬಂದ ಹದಿನಾಲ್ಕು ಮಂದಿ ನಮ್ಮ ಪಡಸಾಲೆಯಲ್ಲಿ ಇಳಿದಿದ್ದರು. ಮನೆಯ ಜೋಳ ಮುಗಿದಿತ್ತು. ಮಳೆ ಎರಡು ದಿನ ಬಿಡುವು ಕೊಟ್ಟಿತು ಎಂದು ಊರ ಹೊರಗಿನ ದಿಬ್ಬದಲ್ಲಿ ನೆಲದೊಳಗೆ ಜೋಳ ತುಂಬಿಟ್ಟ ನಮ್ಮ ಹಗೇವು ತೆರೆಸಿದೆ. ಆ ಕೆಲಸ ಎಂದಿನಂತೆ ಮಲಿಕಸಾಬನದು. ಬಾಯಿ ತೆಗೆದು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದೆ ಉರಿದರೆ ಕೆಟ್ಟ ಗಾಳಿ ಹೋಗಿದೆಯೆಂದು ತಿಳಿದ ಮೇಲೆಯೇ ಆಳು ಇಳಿಯುವುದು. ಅಂದು ನಿನ್ನ ತಮ್ಮ ಅರ್ಜುನಪ್ಪ ಇಳಿದ, ಅಲ್ಲೇ ಕುಸಿದ. ನನ್ನ ಕೂಗಿಗೆ ಜನ ಓಡಿಬಂದರು. ಮಲಿಕಸಾಬ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದು ಅವನನ್ನು ತಬ್ಬಿ ಮೇಲೆ ತಂದ. ತಂದು ಏನು ಬಂತು, ಉಸಿರು ಹೋಗಿತ್ತು. ಮಲಿಕಸಾಬನಿಗೂ ಎಚ್ಚರ ಬಂದದ್ದು ಸಂಜೆಗೆ.

ಮಣ್ಣು ಕೊಟ್ಟ ಮರುದಿನ ನಿನ್ನ ಕಾಕಾ ಉಡಚಪ್ಪ ಕುಡುಗೋಲು ಹಿಡಿದ ಮಂದಿಯನ್ನು ಚಾವಡಿಯಲ್ಲಿ ಕೂಡಿಸಿದ. ಮಲಿಕಸಾಬ ದೀಪ ಇಳಿಸದೆಯೇ ಹುಡುಗನನ್ನು ಇಳಿಸಿದ, ಅವನ ಮನೆಗೆ ಬೆಂಕಿ ಇಡಬೇಕು ಎಂದು ಅವರ ಮಾತು. ಮಲಿಕಸಾಬ ಕಂಬದ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಕೇಳಿದರೆ ಹೌದೂ ಇಲ್ಲ, ಅಲ್ಲವೂ ಇಲ್ಲ. ಈ ಜನ್ಮದಲ್ಲಿ ಚಾವಡಿಯ ಕಟ್ಟೆ ಏರದವಳು ನಾನು, ಅಂದು ಏರಿದೆ. "ಸತ್ತಾಂವ ನನ್ನ ಮಗಾ. ಸಿಟ್ಟು ಮಾಡೂದಿದ್ರ ಮೊದಲ ಪಾಳಿ ನಂದು" ಎಂದೆ. "ನರಗುಂದದಾಗ ಮನಿ ಸುಟ್ಟಕೊಂಡು ಬಂದವ್ರು ನನ್ನ ಪಡಸಾಲ್ಯಾಗ ಅದಾರ. ಅವರ ಕಣ್ಣಮುಂದ ನೀವೂ ಒಂದು ಮನಿ ಸುಡ್ರಿ, ನೋಡ್ಲಿ. ಇವನ ಹೇಣತಿ ಚಮನಬಿ ಬಾಣಂತಿ ಅದಾಳ. ನನ್ನ ಉಡಿ ಹರದೈತಿ ಅಂತ ಆಕಿ ಉಡಿ ಹರೀಬ್ಯಾಡ್ರಿ. ಜೀವದ ಹಂಗ ಹರದು ಒಳಗ ಇಳದಾಂವಗ ಕುಡಗೋಲ ತೋರಸ್ತೀರಲ್ಲ, ನಿಮ್ಮಾಗ ಯಾರರೆ ಇಳದ್ರೇನು?"

ಉಡಚಪ್ಪ "ವೈನಿ, ನಿಮ್ಮ ಕರಳು ಭಾಳ ಮೆತ್ತಗ" ಎಂದ. "ಕರಳು ಕಡದದ್ದು ನಂದೋ ಮಾರಾಯಾ, ನಿಂದಲ್ಲ" ಎಂದೆ. ಆಮೇಲೆ ಒಬ್ಬೊಬ್ಬರೇ ಎದ್ದು ಹೋದರು. ಈಗ ಊರೆಲ್ಲ ಸಿದ್ದಲಿಂಗವ್ವ ದೊಡ್ಡ ಮನಸ್ಸಿನವಳು ಎನ್ನುತ್ತದೆ. ಆ ಮಾತು ಕೇಳಿದಾಗೆಲ್ಲ ಎದ್ದು ಒಳಗೆ ಹೋಗುತ್ತೇನೆ.

ಮಗನೇ, ವೇಳೆಗೆ ಸರಿಯಾಗಿ ಉಣ್ಣು. ನಿನ್ನ ಧಣಿಯ ಮನೆಯವರಿಗೆ ನನ್ನ ಶರಣು ಹೇಳು. ಶಿವ ನಿನ್ನ ಕೈಯನ್ನೂ ನಿನ್ನ ಮನಸ್ಸನ್ನೂ ಕಾಯಲಿ.

ನಿನ್ನ ಅವ್ವ,
ಸಿದ್ದಲಿಂಗವ್ವ

ತಾ.ಕ.: ಪತ್ರ ಒಯ್ಯುವ ಗೌಸುಸಾಬ ಬಂಡಿ ಹೂಡಿದ್ದಾನೆ, ಲಗೂ ಹೇಳಿಬಿಡುತ್ತೇನೆ. ಮಲಿಕಸಾಬ ದೀಪ ಇಳಿಸಿದ್ದ. ಅದು ಆರಿತು. "ಅವ್ವಾರ, ನಾಳಿ ಮುಂಜಾನಿತನಕಾ ಬಾಯಿ ತಗದ ಇಡೂಣ್ರಿ" ಎಂದ. ಮನೆಯಲ್ಲಿ ಆ ಮಂದಿಯ ಕೂಸುಗಳು ಹಸಿದು ಅಳುತ್ತಿದ್ದವು. "ದೀಪಾ ಗಾಳೀಗೆ ಆರೈತಿ, ಇಳಿಯೋ ಅರ್ಜುನಾ" ಎಂದವಳು ನಾನು. ಅಲ್ಲಿದ್ದವರು ನಾವು ಮೂವರೇ. ಮಲಿಕಸಾಬ ಇಂದಿಗೂ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಚಾವಡಿಯಲ್ಲಿ ಅಷ್ಟೆಲ್ಲ ಆಡಿದ ನನಗೂ ಇದೊಂದು ಆಡಲಾಗಲಿಲ್ಲ. ಇಂದು ಸಂಜೆ ಚಾವಡಿಗೆ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ. ನೀನು ಅಮಾವಾಸ್ಯೆಗೆ ಬಾ, ಬರಬೇಡ ಎನ್ನುವುದಿಲ್ಲ. ಯಾರ ಮೇಲೆ ಕೈ ಎತ್ತಬೇಕೆಂದು ಬರುತ್ತೀಯೋ, ಅವಳು ಹೊಸ್ತಿಲಲ್ಲೇ ಕೂತಿರುತ್ತಾಳೆ.